ತುರ್ತು: ಸೂಪಿಗೆ ಟೋಸ್ಟ್ ‘ನಂಚಿಕೊಳ್ಳಬಹುದೇ’?

ಗೆಳೆಯರೇ,

ಅಡುಗೆ ಕಾರ್ಡೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಟೊಮೇಟೊ ಸೂಪ್. ಇವತ್ತು ರಾತ್ರಿಯೇ ಅಚ್ಚಿಗೆ ಹೋಗಬೇಕು.

ಮಾಡುವ ಕ್ರಮದಲ್ಲಿ ಕಷ್ಟವೇನಿಲ್ಲ. ಹಣ್ಣು, ಈರುಳ್ಳಿ, ಬೆಳ್ಳುಳ್ಳಿಗೆ ಎಣ್ಣೆ ಸವರಿ 200 ಡಿಗ್ರಿ ಓವನ್ನಿನಲ್ಲಿ 40 ನಿಮಿಷ ಸುಡುವುದು. ರುಬ್ಬಿ ಸೋಸುವುದು. ಆಮೇಲೆ ಒಲೆಯ ಮೇಲೆ ಹತ್ತು ನಿಮಿಷ ‘ಸಿಮ್ಮರ್’. ಕೊನೆಗೆ ಕೆನೆ. ಕಾರ್ಡಿನ ಹಿಂಬದಿಯಲ್ಲಿ ಸೂಪಿನ ಜೊತೆ ಏನು ಕೊಡಬಹುದು ಅಂತ ಪಟ್ಟಿ ಇದೆ: ಮೇಲೆ ಉದುರಿಸುವ ಕ್ರೂಟಾನ್, ಬೆಳ್ಳುಳ್ಳಿ ಬೆಣ್ಣೆ ಹಚ್ಚಿದ ಟೋಸ್ಟ್, ಚೀಸ್ ಸ್ಯಾಂಡ್‌ವಿಚ್.

ಸಿಕ್ಕಿಹಾಕಿಕೊಂಡಿರುವುದು ಮೂರು ಕಡೆ. ಸಿಮ್ಮರ್‌ಗೆ ಒಂದೇ ಪದ ಇದೆಯೇ? ‘ಸಣ್ಣ ಉರಿಯಲ್ಲಿ ಕುದಿಸಿ’ ಅಂದರೆ ಸಾಲು ತುಂಬಿಹೋಗುತ್ತೆ. ಕ್ರೂಟಾನ್‌ಗೆ ಏನನ್ನೋಣ? ಹಿಂಬದಿಯ ಪಟ್ಟಿಗೆ ‘ನಂಚಿಕೊಳ್ಳಲು’ ಅಂತ ತಲೆಬರಹ ಹಾಕಿದ್ದೇನೆ. ಸರಿ ಅಲ್ವಾ?

– ವಿ.

*

ಮರು: ತುರ್ತು

ಮೂರನ್ನೂ ಆಮೇಲೆ ನೋಡೋಣ. ಮೊದಲು ತಲೆಬರಹ. ಕನ್ನಡದಲ್ಲಿ ‘ಸಾರು’ ಇರುವಾಗ ‘ಸೂಪ್’ ಯಾಕೆ? ‘ಟೊಮೇಟೊ’ ಕೂಡ ಬೇಕಿಲ್ಲ. ಅದು ಬದನೆಯ ಕುಲದ್ದೇ, ಎರಡೂ ಸೊಲಾನಮ್. ‘ಕೆಂಬದನೆ’ ಅನ್ನಿ. ಕೆಂದಾವರೆ ಇಲ್ವಾ, ಹಾಗೆ. ‘ಕೆಂಬದನೆ ಸಾರು’. ಮುಗೀತು.

– ರಾ.

*

ಮರು: ಮರು: ತುರ್ತು

ಕೆಂಬದನೆ ಸಾರು ಅಂತ ಅಚ್ಚು ಹಾಕಿದರೆ ಜನ ಬದನೆಕಾಯಿ ತಂದು ಕತ್ತರಿಸುತ್ತಾರೆ, ಮೇಷ್ಟ್ರೇ.

‘ಸೂಪ್’ ಬಿಡಬೇಕಿಲ್ಲ. ಅದು ನಮ್ಮದೇ. ಸಂಸ್ಕೃತದ ‘ಸೂಪ’ ಅಂದರೆ ಬೇಳೆಯ ಕಟ್ಟು, ತೊವ್ವೆ. ಅಡುಗೆಯವನು ಸೂಪಕಾರ. ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ಅಡುಗೆಯ ಮೇಲೆ ಬರೆದ ಕನ್ನಡ ಕಾವ್ಯದ ಹೆಸರೇ ‘ಸೂಪಶಾಸ್ತ್ರ’. ಇಲ್ಲಿಂದ ಹೋದ ಪದ ಟೋಪಿ ಹಾಕಿಕೊಂಡು ವಾಪಸ್ ಬಂದಿದೆ, ಅಷ್ಟೇ.

– ಶ್ರೀ.

*

ಮರು: ಮರು: ತುರ್ತು

ಇಲ್ಲ. ಹೋಗಿಲ್ಲ, ಬಂದಿಲ್ಲ.

ಇಂಗ್ಲಿಷಿನ ಸೂಪ್ ಬಂದಿರುವುದು ಫ್ರೆಂಚಿನ ‘ಸೂಪ್’ನಿಂದ. ಅದರ ಹಿಂದೆ ಇರುವುದು ಕಡೆಗಾಲದ ಲ್ಯಾಟಿನ್ನಿನ ‘ಸುಪ್ಪಾ’. ಲ್ಯಾಟಿನ್ ಅದನ್ನು ಪಡೆದದ್ದು ಜರ್ಮಾನಿಕ್ ಕಡೆಯಿಂದ. ಇಂಗ್ಲಿಷಿನ ‘ಸಪ್ಪರ್’ ಕೂಡ ಇದೇ ಮನೆಯದು. ಅದು ಸಂಸ್ಕೃತದ ಸೂಪದಿಂದ ಬಂದದ್ದಲ್ಲ. ಎರಡು ಪದಗಳ ಮುಖ ಒಂದೇ ಥರ ಇದ್ದ ಮಾತ್ರಕ್ಕೆ ಅಣ್ಣತಮ್ಮ ಆಗುವುದಿಲ್ಲ. ಎಷ್ಟು ಸಲ ಹೇಳಬೇಕೋ.

ಇದಕ್ಕಿಂತ ಮಜವಾದ ಸಂಗತಿ ಬೇರೆ ಇದೆ. ‘ಸುಪ್ಪಾ’ ಅಂದರೆ ನೀರಾದ ಪದಾರ್ಥ ಅಲ್ಲ. ಅದರಲ್ಲಿ ನೆನೆಸಿದ ಬ್ರೆಡ್ಡಿನ ತುಂಡು. ಮೊದಲು ಆ ಹೆಸರು ಇದ್ದದ್ದು ಬ್ರೆಡ್ಡಿಗೆ. ಕಾಲ ಕಳೆದಂತೆ ಅದು ಬಟ್ಟಲಿನ ಒಳಗಿನದಕ್ಕೆ ಜಾರಿತು, ಬ್ರೆಡ್ಡು ಪಕ್ಕದ ತಟ್ಟೆಗೆ ಹೋಯಿತು. ವಿ. ಅವರು ಈಗ ಹೆಸರು ಹುಡುಕುತ್ತಿರುವುದು ಆ ಪಕ್ಕದ ತಟ್ಟೆಗೇ.

‘ನಂಚಿಕೊಳ್ಳಲು’ ಇಲ್ಲಿ ಕೂರುವುದಿಲ್ಲ. ನಂಚಿಕೊಳ್ಳುವುದಕ್ಕೆ ಒಂದು ಲೆಕ್ಕ ಇದೆ. ಮುಖ್ಯವಾದದ್ದು ಸಪ್ಪೆ, ಜಾಸ್ತಿ. ನಂಚಿಕೊಳ್ಳುವುದು ಹುಳಿ, ಖಾರ, ಸ್ವಲ್ಪವೇ. ಅನ್ನಕ್ಕೆ ಉಪ್ಪಿನಕಾಯಿ ನಂಚಿಕೊಳ್ಳುತ್ತೇವೆ. ಉಪ್ಪಿನಕಾಯಿಗೆ ಅನ್ನ ನಂಚಿಕೊಳ್ಳುವವರನ್ನು ನಾನಂತೂ ಕಂಡಿಲ್ಲ. ಇಲ್ಲಿ ಹುಳಿ ಸೂಪಿನಲ್ಲಿದೆ, ಸಪ್ಪೆ ಬ್ರೆಡ್ಡಿನಲ್ಲಿದೆ. ಟೋಸ್ಟಿಗೆ ಸೂಪ್ ನಂಚಿಕೊಳ್ಳಬಹುದು. ಸೂಪಿಗೆ ಟೋಸ್ಟ್? ಊಹೂಂ.

– ನಾ.

*

ಮರು: ಮರು: ತುರ್ತು

ಚೀಸ್ ಸ್ಯಾಂಡ್‌ವಿಚ್ ಸಪ್ಪೆಯಾ? ಚೀಸಿನಲ್ಲಿ ಉಪ್ಪಿಲ್ವಾ? ಅದನ್ನು ಸೂಪಿಗೆ ನಂಚಿಕೊಳ್ಳಬಹುದು.

– ಶ್ರೀ.

*

ಮರು: ಮರು: ತುರ್ತು

ಸ್ಯಾಂಡ್‌ವಿಚ್ ಅದ್ದಿ ತಿನ್ನುವುದು. ಅದ್ದುವುದು ಬೇರೆ, ನಂಚುವುದು ಬೇರೆ. ಇನ್ನೊಂದು ಮಾತು. ‘ಕೊಳ್ಳು’ ಸೇರಿದ ಮೇಲೆ ಅದು ತಿನ್ನುವವನ ಕ್ರಿಯೆ. ಕಾರ್ಡು ಮಾತಾಡುತ್ತಿರುವುದು ಬಡಿಸುವವನ ಜೊತೆ.

– ನಾ.

*

ಮರು: ಮರು: ತುರ್ತು

ನೀವೆಲ್ಲ ಇಷ್ಟು ಹೊತ್ತಿಗೆ ಸೂಪ್ ಮಾಡಿ ಕುಡಿದು ಪಾತ್ರೆ ತೊಳೆದಿಡಬಹುದಿತ್ತು.

ವಿ., ಪದಕ್ಕಿಂತ ಮೊದಲು ನಿಮ್ಮ ಕ್ರಮ ನೋಡಿ. ಕೆನೆ ಯಾವಾಗ ಹಾಕಬೇಕು ಅಂತ ಸರಿಯಾಗಿ ಬರೆದಿದ್ದೀರಾ? ಟೊಮೇಟೊ ಹುಳಿ. ಕುದಿಯುತ್ತಿರುವಾಗ ಕೆನೆ ಸುರಿದರೆ ಒಡೆಯುತ್ತೆ. ತೆಳು ಕೆನೆ, ಹಾಲು ಆದರಂತೂ ಇನ್ನೂ ಬೇಗ. ‘ಉರಿ ಆರಿಸಿ, ಕೆನೆ ಬೆರೆಸಿ’ ಅಂತಲೇ ಹಾಕಿ. ಹುಳಿ ತೀರಾ ಜಾಸ್ತಿ ಇದ್ದರೆ ಚಿಟಿಕೆ ಅಡುಗೆ ಸೋಡಾ ಹಾಕಬಹುದು. ನೊರೆ ಉಕ್ಕಿ ಬರುತ್ತೆ, ಆಮೇಲೆ ಇಳಿಯುತ್ತೆ. ಚಿಟಿಕೆಗಿಂತ ಹೆಚ್ಚಾದರೆ ಸೋಪಿನ ರುಚಿ. ಸಕ್ಕರೆಯೂ ಆಗುತ್ತೆ, ಆದರೆ ಅದು ಹುಳಿಯನ್ನು ಮುಚ್ಚುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ.

ಸಿಮ್ಮರ್‌ಗೆ ಒಂದೇ ಪದ ಬೇಕೆಂದರೆ ‘ಮರಳಿಸಿ’. ಕೊತಕೊತ ಕುದಿಯುವುದಲ್ಲ. ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುತ್ತಿರಬೇಕು, ಅಷ್ಟೇ.

– ಗೀ.

*

ಮರು: ಮರು: ತುರ್ತು

ಅಕ್ಕಾ, ‘ಮರಳಿಸಿ’ ಅಂದರೆ ಇವತ್ತಿನವರು ‘ವಾಪಸ್ ಕೊಡಿ’ ಅಂತ ಓದುತ್ತಾರೆ. ಇಲ್ಲ ಅಂದರೆ ಸೂಪಿಗೆ ಮರಳು ಹಾಕಬೇಕಾ ಅಂತ ಕೇಳುತ್ತಾರೆ.

– ಶ್ರೀ.

*

ಮರು: ಮರು: ತುರ್ತು

ಓದುಗರಿಗೆ ಪದ ಗೊತ್ತಿಲ್ಲ ಅಂತ ಪದವನ್ನೇ ಬಿಡುತ್ತಾ ಹೋದರೆ ಕೊನೆಗೆ ಏನು ಉಳಿಯುತ್ತೆ?

ನನ್ನ ‘ಸಾರು’ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ. ಅದು ಸಂಸ್ಕೃತದ ‘ಸಾರ’ದಿಂದ ಬಂತು ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ತಮಿಳಿನಲ್ಲಿ ಅದು ‘ಚಾಱು’. ಶಕಟರೇಫ (‘ಱ’) ಇದೆ ನೋಡಿ. ‘ಸಾರ’ದಲ್ಲಿ ಇರುವುದು ಬರೀ ರೇಫ (‘ರ’). ನಮ್ಮದು ದ್ರಾವಿಡ ಪದ, ಸ್ವಂತದ್ದು.

– ರಾ.

*

ಮರು: ಮರು: ತುರ್ತು

ಸ್ವಂತದ್ದೇ ಮೇಷ್ಟ್ರೇ, ಒಪ್ಪಿದೆ. ಆದರೆ ‘ಸಾರು’ ಅಂದ ಕೂಡಲೇ ಅನ್ನದ ಮೇಲೆ ಹಾಕಿಕೊಳ್ಳುವುದು ಕಣ್ಣಿಗೆ ಬರುತ್ತೆ. ಇದು ಚಮಚದಲ್ಲಿ ಕುಡಿಯುವುದು, ಗಟ್ಟಿಯಾದದ್ದು, ಒಗ್ಗರಣೆ ಇಲ್ಲ. ಬೇರೆ ಪದಾರ್ಥಕ್ಕೆ ಬೇರೆ ಹೆಸರು ಬಂದರೆ ತಪ್ಪೇನು? ನಾವು ಕೊಟ್ಟೂ ಇದ್ದೇವಲ್ಲ. ಅಂದರೆ ನಮ್ಮ ಕಡೆಯ ಭಾಷೆಗಳು. ಇಂಗ್ಲಿಷಿನ ‘ಮಲ್ಲಿಗಟಾನಿ’ ಸೂಪ್ ತಮಿಳಿನ ‘ಮಿಳಗು ತಣ್ಣೀರ್’, ಮೆಣಸಿನ ನೀರು. ಅವರು ಅದಕ್ಕೊಂದು ಶುದ್ಧ ಇಂಗ್ಲಿಷ್ ಪದ ಕಟ್ಟುತ್ತಾ ಕೂರಲಿಲ್ಲ.

– ಶ್ರೀ.

*

ಮರು: ಮರು: ತುರ್ತು

ಅವರಿಗೆ ಭಾಷೆ ಹೋಗುತ್ತೆ ಅನ್ನುವ ಭಯ ಇರಲಿಲ್ಲ. ಅದಕ್ಕೆ ಕೂರಲಿಲ್ಲ.

‘ಟೊಮೇಟೊ ಸೂಪ್’ನಲ್ಲಿ ಕನ್ನಡ ಎಷ್ಟಿದೆ ಹೇಳಿ. ಲಿಪಿ ಮಾತ್ರ.

– ರಾ.

*

ಮರು: ಮರು: ತುರ್ತು

ಇಂಗ್ಲಿಷ್ ಎಷ್ಟಿದೆ? ಟೊಮೇಟೊ ಮೂಲ ಮೆಕ್ಸಿಕೋದ ನಹುವಾಟ್ಲ್ ಭಾಷೆಯ ‘ಟೊಮಾಟ್ಲ್’. ಸ್ಪ್ಯಾನಿಷ್ ಮೂಲಕ ಬಂತು. ಸೂಪ್ ಕಥೆ ಆಗಲೇ ಹೇಳಿದೆ. ನೀವು ಈ ಮಿಂಚೆ ಬರೆಯುತ್ತಿರುವ ಮೇಜು ಪಾರ್ಸಿ, ಕೂತಿರುವ ಕುರ್ಚಿ ಅರಬ್ಬಿ. ಎದ್ದು ನಿಂತು ಬರೆಯುತ್ತೀರಾ?

– ನಾ.

*

ಮರು: ಮರು: ತುರ್ತು

ನಿಂತೇ ಬರೆಯುತ್ತಿದ್ದೇನೆ. ಬೆನ್ನುನೋವು.

– ರಾ.

*

ಮರು: ಮರು: ತುರ್ತು

ದಯವಿಟ್ಟು ಕ್ರೂಟಾನ್! ಇನ್ನು ಎರಡು ಗಂಟೆ ಇದೆ.

ಬ್ರೆಡ್ಡನ್ನು ಚೌಕವಾಗಿ ಕತ್ತರಿಸಿ, ಎಣ್ಣೆ ಅಥವಾ ಬೆಣ್ಣೆ ಸವರಿ ಹೊಂಬಣ್ಣ ಬರುವವರೆಗೆ ಹುರಿಯುವುದು. ‘ಬ್ರೆಡ್ ಚಕ್ಕೆ’ ಅನ್ನಲೇ?

– ವಿ.

*

ಮರು: ಮರು: ತುರ್ತು

‘ಚಕ್ಕೆ’ ಬೇಡವೇ ಬೇಡ. ಅಡುಗೆ ಕಾರ್ಡಿನಲ್ಲಿ ಚಕ್ಕೆ ಅಂದರೆ ಡಬ್ಬಿಯಲ್ಲಿ ಲವಂಗದ ಪಕ್ಕ ಇರುವುದು. ಯಾರಾದರೂ ಒಂದು ಹಿಡಿ ಹಾಕಿದರೆ ಸೂಪ್ ಅಲ್ಲ, ಕಷಾಯ ಆಗುತ್ತೆ.

– ಗೀ.

*

ಮರು: ಮರು: ತುರ್ತು

ಮೂಲದಲ್ಲಿ ಫ್ರೆಂಚಿನ ‘ಕ್ರೂತ್’, ಅಂದರೆ ಬ್ರೆಡ್ಡಿನ ಗಟ್ಟಿ ಹೊರಪದರ. ಅದರ ಚಿಕ್ಕ ರೂಪ ಕ್ರೂಟಾನ್. ಹಾಗಾಗಿ ‘ಗರಿರೊಟ್ಟಿ’ ಚೆನ್ನಾಗಿದೆ. ಗರಿಗರಿ ಅನ್ನುವುದೂ ಬಂತು.

– ಶ್ರೀ.

*

ಮರು: ಮರು: ತುರ್ತು

ಗರಿ ಅಂದರೆ ನವಿಲಿಗೆ ಇರುವುದೂ ಹೌದು. ‘ಹುರಿದ ಬ್ರೆಡ್ ತುಂಡು’ ಹಾಕಿ. ಓದಿದವನು ಅದನ್ನೇ ಮಾಡುತ್ತಾನೆ. ಪದ ಕಟ್ಟುವ ಚಟಕ್ಕೆ ಅಡುಗೆಮನೆ ಜಾಗ ಅಲ್ಲ.

– ನಾ.

*

ಮರು: ಮರು: ತುರ್ತು

ಎಲ್ಲರಿಗೂ ವಂದನೆ. ಕಳಿಸಿದೆ. ಕೊನೆಗೆ ಹೋದದ್ದು ಹೀಗೆ:

ತಲೆಬರಹ ‘ಟೊಮೇಟೊ ಸೂಪ್’. ಮೇಷ್ಟ್ರು ಕ್ಷಮಿಸಬೇಕು. ಸಿಮ್ಮರ್‌ಗೆ ‘ಸಣ್ಣಗೆ ಕುದಿಸಿ’. ‘ಉರಿಯಲ್ಲಿ’ ಬಿಟ್ಟೆ, ಸಾಲು ಉಳಿಯಿತು, ಅರ್ಥ ಕೆಡಲಿಲ್ಲ. ಗೀ. ಅಕ್ಕನ ‘ಉರಿ ಆರಿಸಿ, ಕೆನೆ ಬೆರೆಸಿ’ ಹಾಗೇ ಹಾಕಿದೆ. ನಿಜ ಹೇಳಬೇಕೆಂದರೆ ಮೂಲದಲ್ಲಿ ಅದು ಇರಲೇ ಇಲ್ಲ. ಕ್ರೂಟಾನ್ ‘ಹುರಿದ ಬ್ರೆಡ್ ತುಂಡು’ ಆಯಿತು.

ಹಿಂಬದಿಗೆ ‘ನಂಚಿಕೊಳ್ಳಲು’ ತೆಗೆದೆ. ತುಂಡುಗಳನ್ನು ಮೇಲೆ ಉದುರಿಸುವುದು, ಟೋಸ್ಟ್ ಕಡಿಯುವುದು, ಸ್ಯಾಂಡ್‌ವಿಚ್ ಅದ್ದುವುದು. ಮೂರಕ್ಕೂ ಒಂದೇ ಕ್ರಿಯಾಪದ ಹೊಂದುತ್ತಿರಲಿಲ್ಲ. ಸುಮ್ನೆ ‘ಜೊತೆಗೆ’ ಅಂತ ಹಾಕಿದೆ.

– ವಿ.

*

ಮರು: ಮರು: ತುರ್ತು

‘ಜೊತೆಗೆ’ ಸರಿ. ಆದರೆ ಅದು ‘ನಂಚಿಕೊಳ್ಳು’ ಅಲ್ಲ, ‘ನೆಂಚಿಕೊಳ್ಳು’. ಇಷ್ಟು ಜನ ಬರೆದಿರಿ, ಒಬ್ಬರೂ ತಿದ್ದಲಿಲ್ಲ.

– ರಾ.

*

ಮರು: ಮರು: ತುರ್ತು

ಎರಡೂ ಬಳಕೆಯಲ್ಲಿವೆ, ಮೇಷ್ಟ್ರೇ. ಬೇರೆ ಎಳೆ ಶುರು ಮಾಡಿ.

– ನಾ.