‘ಬಯೋಮ್’ ಅಂದ್ರ ಸೀಮೆನೋ, ಬನಾನೋ?

ಎಲ್ಲಾರಿಗೂ ನಮಸ್ಕಾರ್ರಿ, ಬಾಗಲಕೋಟಿಯಿಂದ ಬರಿಯಾಕತ್ತೀನಿ. ನಮ್ಮ ಅಕ್ಕನ ಮಗ ಮೈನ್‌ಕ್ರಾಫ್ಟಿಗೆ ಒಂದು ‘ಮಾಡ್’ (ಇದ್ದ ಗೇಮಿಗೆ ಹೊಸಾದು ಕೂಡಿಸೋದು) ಮಾಡ್ಯಾನ, ಟೆರೇರಿಯಾ ಅಂತ ಇನ್ನೊಂದು ಗೇಮ್ ಐತಲ್ಲ, ಅದರಾಗ ನೆಲದ ಕೆಳಗ ನೀಲಿ ಬೆಳಕು ಕೊಡೋ ಅಣಬಿ ಜಾಗ ಸಿಗ್ತಾವು, ಗಿಡದಷ್ಟು ಎತ್ತರದ ಅಣಬಿ, ಅಂಥಾದ್ದ ಒಂದು ಕಾಡನ್ನ ಇದಕ್ಕ ಕೂಡಿಸ್ಯಾನ. ಕನ್ನಡದ ಫೈಲ್ ಮಾತ್ರ ನನ್ನ ಕೊಳ್ಳಿಗೆ ಹಾಕಿ "ಮಾಮಾ, ನಲವತ್ತ ಸಾಲು ಅಷ್ಟ" ಅಂದ. ಜೇಸನ್ ಫೈಲದು, ಎಡಕ್ಕ ಗೇಮಿನ ಕೀ ಅಂದ್ರ ಗೇಮ್ ಗುರುತು ಹಿಡಿಯೋ ಹೆಸರು, ಬಲಕ್ಕ ನಾವು ತುಂಬೋ ಕನ್ನಡ. ಮೊದಲನೇ ಸಾಲಿನಾಗ ‘ಬಯೋಮ್’, ಗೇಮಿನಾಗ ಒಂದೊಂದು ಥರದ ಜಾಗಕ್ಕ ಅನ್ನೋ ಹೆಸರು, ಅಲ್ಲೇ ಸಿಕ್ಕೊಂಡೆ.

ಬಯೋಮಿಗೆ ಜೀವವಲಯ ಅನ್ನಬಹುದು ಖರೆ, ಆದ್ರ ವಲಯ ಅಂದ ಕೂಡ್ಲೆ ನನಗ ರೈಲ್ವೆ ಬೋರ್ಡ ಕಣ್ಮುಂದ ಬರ್ತೈತಿ. ಮೈನ್‌ಕ್ರಾಫ್ಟಿನಾಗ ಬಯೋಮ್ ಅಂದ್ರ ಬರೇ ಗಿಡಗಂಟಿ ಅಲ್ಲ, ಸೆಕಿ ಎಷ್ಟು, ಮಳಿಯೋ ಹಿಮಾನೋ, ಹುಲ್ಲಿನ ಬಣ್ಣ ಯಾವುದು, ಯಾವ ಪ್ರಾಣಿ ಹುಟ್ತಾವು, ಎಲ್ಲಾ ಸೇರಿ ಒಂದು. ಸಮುದ್ರಾನೂ ಬಯೋಮ್, 2021ರಾಗ ಗೇಮಿನ 1.18 ಆವೃತ್ತಿ ಬಂದ ಮ್ಯಾಲೆ ಗವಿಯೊಳಗೂ ಬ್ಯಾರೆ ಬ್ಯಾರೆ ಬಯೋಮ್.

ನನಗ ಹೊಳದದ್ದು ಸೀಮೆ. ಬಯಲುಸೀಮೆ ಅಂದ್ರ ಏನ್ರಿ ಮತ್ತ? ಮಳಿ ಕಡಿಮಿ, ಎರಿ ಹೊಲ, ಜ್ವಾಳ, ಜಾಲಿಗಿಡ, ಎಲ್ಲಾ ಆ ಒಂದ ಮಾತಿನಾಗ ಬಂತಲ್ಲ. ಹಂಗ ಅಣಬೆಸೀಮೆ, ಮರಳುಸೀಮೆ. ಇದಕ್ಕ ಒಬ್ಬ ಗೆಳೆಯ ತಕರಾರು ತಗದ, ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಇವುಗಳಾಗ ಸೀಮೆ ಅಂದ್ರ ಹೊರದೇಶದ್ದು, ನೀ ತಿರುವಿ ಸೀಮೆಅಣಬೆ ಅಂದ್ಯೋ ವಿಲಾಯತಿ ಅಣಬಿ ಆಗ್ತೈತಿ ನೋಡು ಅಂತ. ಅದೂ ಖರೇನ. ಮ್ಯಾಲೆ ಹಳ್ಯಾಗ ಸೀಮಿ ಅಂದ್ರ ಊರಿನ ಗಡಿ, ದಸರಾಕ್ಕ ಸೀಮೋಲ್ಲಂಘನ ಮಾಡಿ ಬನ್ನಿ ಕೊಡ್ತೀವಲ್ಲ, ಆ ಸೀಮಿ. ಆದ್ರ ಹೊಸ ಬಯೋಮಿಗೆ ಕಾಲಿಟ್ಟ ಕೂಡ್ಲೆ ಅದರ ಹೆಸರು ಸ್ಕ್ರೀನ್ ಮ್ಯಾಲೆ ಬರೂವಂಗ ಹುಡುಗ ಮಾಡ್ಯಾನ, ಹಂಗಾಗಿ ಗಡಿ ದಾಟಿದ ಅರ್ಥ ಇದ್ರ ಛಲೋನ ಆತು.

ಹುಡುಗ ಹೇಳಿದ್ದು ಬನ. ನಮ್ಮ ಬದಾಮಿ ಬನಶಂಕರಿ ಐತಲ್ಲ, ವನ ಅನ್ನೋದ ಬನ ಆದದ್ದು. ಕೇಳಾಕ ಭಾಳ ಚಂದ. ಆದ್ರ ಎರಡು ಗೇಮಿನ ನಡುವ ಒಂದು ಫರಕ್ ಐತಿ: ಟೆರೇರಿಯಾದಾಗ ಸುತ್ತಮುತ್ತ ಅಣಬಿ ಹುಲ್ಲಿನ ಬ್ಲಾಕ್ ಸಾಕಷ್ಟು ಇದ್ರಷ್ಟ ಅದು ಅಣಬಿ ಬಯೋಮ್, ನೀವ ಬೀಜ ಹಾಕಿ ಬೆಳಿಸಬಹುದು, ಕಿತ್ತು ಒಗದ್ರ ಹೋತು. ಮೈನ್‌ಕ್ರಾಫ್ಟಿನಾಗ ಗಿಡ ಎಲ್ಲಾ ಕಡದು ಬಟಾಬಯಲು ಮಾಡಿದ್ರೂ ಆ ಜಾಗದ ಬಯೋಮ್ ಬದಲಾಗೂದಿಲ್ಲ. ಕಡದ್ರ ಬನ ಹೊಕ್ಕೈತಿ, ಸೀಮಿ ಉಳೀತೈತಿ. ಅದಕ್ಕ ಟೆರೇರಿಯಾಕ್ಕ ಬನ, ಈ ಮಾಡಿಗೆ ಸೀಮೆ ಅಂತ ನನ್ನ ಲೆಕ್ಕ, ಹುಡುಗ ಇನ್ನೂ ಒಪ್ಪಿಲ್ಲ.

ಅಡವಿ ಅನ್ನೋದನ್ನ ನಾನ ಬಿಟ್ಟೆ. ನಮ್ಮವ್ವಗ ಅಡವಿ ಅಂದ್ರ ಹೊಲದ ಕಡಿ, ಸ್ಕ್ರೀನ್ ನೋಡಿ "ಅಡವ್ಯಾಗ ಯಾರೋ ಇಷ್ಟು ಲೈಟ್ ಹಾಕಿದವ್ರು, ಬಿಲ್ ಯಾರು ಕಟ್ತಾರ" ಅಂದ್ಲು. ಇನ್ನ ಅಣಬೆಗಿಡ ಅಂದ್ರ ಮೈಸೂರು ಕಡೆಯವ್ರು ಮೊಣಕಾಲೆತ್ತರದ್ದು ಅನ್ಕೋತಾರ, ಹಂಗಾಗಿ ಫೈಲಿನಾಗ ಅಣಬೆಮರ ಅಂತ ಬರದೀನಿ.

ಉಳಿದದ್ದು ಆ ಬೆಳಕು. ಹೊಳಿಯೋದು ಅಂದ್ರ ತಿಕ್ಕಿದ ತಂಬಿಗಿನೂ ಹೊಳೀತೈತಿ, ಅದು ಬ್ಯಾರೆ ಬೆಳಕು. ಮಿಣುಕುಹುಳದ ಮಿಣುಕು ತಗೊಂಡು ಮಿಣುಕಣಬೆ ಅಂತ ಮಾಡೀನಿ, ಆದ್ರ ಹುಳ ಹತ್ತಿ ಆರ್ತೈತಿ, ಈ ಅಣಬಿ ರಾತ್ರಿ ಪೂರಾ ಹತ್ತೇ ಇರ್ತೈತಿ. ಪಶ್ಚಿಮ ಘಟ್ಟದಾಗ ಮಳಿಗಾಲದ ರಾತ್ರಿ ಕೊಳತ ಕಟಿಗಿ ಮ್ಯಾಲೆ ಹಸರು ಬೆಳಕು ಕೊಡೋ ಖರೇ ಅಣಬಿನೂ ಅದಾವು. ಖಾನಾಪುರ, ಕಣಕುಂಬಿ, ಭೀಮಗಡದ ಕಡೆಯವ್ರು ಯಾರರ ಇದ್ರ, ಅಂಥಾ ಕಟಿಗಿಗೆ ನಿಮ್ಮ ಮನ್ಯಾಗ ಹಿರ್ಯಾರು ಏನಂತಾರ ಕೇಳಿ ಬರೀರಿ, ಮಿಣುಕಣಬೆ ತಗದು ಅದನ್ನ ಹಾಕ್ತೀನಿ.