'ಗರ್ಭಕೋಶ ತೆಗೆಸಿದ್ದು' ಅಂದರೆ ಏನೇನು ತೆಗೆಸಿದ್ದು?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ. ಯಾಕೆ ಬೇಕಾಯಿತು ಅಂತ ಮೊದಲು ಹೇಳಿಬಿಡುತ್ತೇನೆ, ಸ್ವಲ್ಪ ಉದ್ದವಾದರೆ ಬೈಯಬೇಡಿ.

ನಮ್ಮ ಚಿಕ್ಕಮ್ಮ ತೀರ್ಥಹಳ್ಳಿ ಕಡೆಯವರು, ವಯಸ್ಸು 43. ಗಡ್ಡೆ ಇದೆ, ರಕ್ತ ಜಾಸ್ತಿ ಹೋಗುತ್ತಿದೆ ಅಂತ ಹೋದ ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಮನೆಯವರು ನೆಂಟರಿಗೆಲ್ಲ 'ಗರ್ಭಕೋಶ ತೆಗೆಸಿದ್ದು' ಅಂತ ಹೇಳಿದರು. (ಬರೀ 'ಆಪರೇಷನ್ ಆಗಿದೆ' ಅಂದರೆ ನಮ್ಮ ಕಡೆ ಮಕ್ಕಳಾಗದ ಹಾಗೆ ಮಾಡಿಸಿದ್ದು ಅಂತಲೇ ಅರ್ಥ. ಅದು ಬೇರೆ ಗೊಂದಲ.) ಮನೆಗೆ ಬಂದು ಎರಡು ವಾರ ಆಗಿರಲಿಲ್ಲ. ಹೊರಗೆ ಆಷಾಢದ ಮಳೆ ಹೊಡೆಯುತ್ತಿದೆ, ಎಲ್ಲರೂ ಕಂಬಳಿ ಹೊದ್ದು ಮಲಗಿದ್ದಾರೆ, ಇವರೊಬ್ಬರು ನಡುರಾತ್ರಿ ಜಗಲಿಗೆ ಬಂದು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಕೂತಿದ್ದಾರೆ. 'ಅಡಿಕೆ ಬೇಯಿಸೋ ಹಂಡೆ ಮುಂದೆ ಕೂತಂಗೆ ಝಳ ಹೊಡೆಯುತ್ತೆ ಮಾರಾಯ್ತಿ. ಎದೆಯಿಂದ ಹತ್ತಿ ನೆತ್ತಿಗೆ ಹೋಗುತ್ತೆ, ಆಮೇಲೆ ಬೆವರು' ಅಂದರು.

ಹಾಟ್ ಫ್ಲಶ್‌ಗೆ ಕನ್ನಡ ಹುಡುಕುತ್ತಿರುವವರು ಇಲ್ಲಿಗೆ ನಿಲ್ಲಿಸಬಹುದು. ಝಳ. ಇದಕ್ಕಿಂತ ಚೆನ್ನಾಗಿರೋದು ಬೇಕಿಲ್ಲ.

ಡಿಸ್ಚಾರ್ಜ್ ಚೀಟಿ ತೆಗೆದು ನೋಡಿದೆ. 'ಟಿಎಎಚ್ ವಿತ್ ಬಿಎಸ್‌ಓ' ಅಂತ ಒಂದೇ ಸಾಲು. ಟಿಎಎಚ್ ಅಂದರೆ ಹೊಟ್ಟೆ ಕೊಯ್ದು ಗರ್ಭಕೋಶ ಪೂರ್ತಿ ತೆಗೆದದ್ದು. ಬಿಎಸ್‌ಓ ಅಂದರೆ ಎರಡೂ ಕಡೆಯ ಅಂಡಾಶಯ, ಅಂಡನಾಳ ತೆಗೆದದ್ದು. ಎರಡನೆಯದು ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಯಾರೂ ಮುಚ್ಚಿಟ್ಟಿದ್ದಲ್ಲ. 'ಗರ್ಭಕೋಶ, ಅದರ ಅಕ್ಕಪಕ್ಕದ್ದು' ಅಂತ ಹೇಳಿದ್ದರಂತೆ. ಆ 'ಅಕ್ಕಪಕ್ಕದ್ದು' ಅನ್ನುವುದರಲ್ಲೇ ಎಲ್ಲಾ ಇತ್ತು ನೋಡಿ.

ಯಾಕೆಂದರೆ ಈ ಝಳ ಹೊಡೆಯುವುದು ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಕಡಿಮೆಯಾದಾಗ. ಅದು ಮುಖ್ಯವಾಗಿ ತಯಾರಾಗುವುದು ಅಂಡಾಶಯದಲ್ಲಿ, ಗರ್ಭಕೋಶದಲ್ಲಲ್ಲ. ಗರ್ಭಕೋಶ ಮಾತ್ರ ಹೋದರೆ ತಿಂಗಳ ರಕ್ತ ನಿಲ್ಲುತ್ತದೆ, ಹಾರ್ಮೋನ್ ಬರುತ್ತಲೇ ಇರುತ್ತದೆ. ಎರಡು ಅಂಡಾಶಯವೂ ಹೋದರೆ, ಉಳಿದವರಿಗೆ ವರ್ಷಗಟ್ಟಲೆ ನಿಧಾನಕ್ಕೆ ಆಗುವುದು ಇವರಿಗೆ ರಾತ್ರೋರಾತ್ರಿ ಆಗಿಬಿಡುತ್ತದೆ. ಎರಡಕ್ಕೂ ನಾವು ಅನ್ನುವುದು ಒಂದೇ ಮಾತು, 'ಮುಟ್ಟು ನಿಂತಿದೆ'.

ಇಲ್ಲಿ ನನಗೊಂದು ಯೋಚನೆ ಬಂತು. ಕನ್ನಡದಲ್ಲಿ ಮುಟ್ಟು ಇದೆ, ಋತು ಇದೆ. ಹೇಗೂ ಎರಡು ಪದ ಇವೆಯಲ್ಲ, ಹಂಚಿಬಿಡೋಣ. ಕಣ್ಣಿಗೆ ಕಾಣುವ ರಕ್ತಕ್ಕೆ ಮುಟ್ಟು, ಒಳಗೆ ತಿರುಗುವ ಚಕ್ರಕ್ಕೆ ಋತು. ಗರ್ಭಕೋಶ ಮಾತ್ರ ತೆಗೆಸಿದವರಿಗೆ ಮುಟ್ಟು ನಿಂತಿದೆ, ಋತು ನಿಂತಿಲ್ಲ. ಚಿಕ್ಕಮ್ಮನಿಗೆ ಎರಡೂ ನಿಂತಿದೆ. ಋತುಬಂಧ ಅನ್ನುವುದನ್ನು ಇವರಂಥವರಿಗೆ ಮಾತ್ರ ಬಳಸಬೇಕು ಅಂತ ನನ್ನ ಅನಿಸಿಕೆ. ಒಪ್ಪದವರು ಹೇಳಿ.

ಅಂಡಾಶಯದ ವಿಷಯ ಇನ್ನೂ ಕಷ್ಟ. ಪದ ಹೇಳಿದ ಕೂಡಲೇ ಚಿಕ್ಕಮ್ಮ 'ಅದು ಗಂಡಸರಿಗಲ್ವಾ?' ಅಂದರು. ತಪ್ಪೇನಿಲ್ಲ, ಅವರು ಕೇಳಿರುವುದು ಅಂಡವಾಯು. ಸರಿ, ಬೀಜಕೋಶ ಅನ್ನೋಣ ಅಂದರೆ ಬೀಜ ಅಂದಾಗ ಅವರಿಗೆ ನೆನಪಾಗುವುದು ಹೋರಿ. ಮೊಟ್ಟೆಚೀಲ ಅಂದೆ. ಅವರ ಅಡುಗೆಮನೆಗೆ ಆ ಮಾತು ಇದುವರೆಗೆ ಕಾಲಿಟ್ಟಿಲ್ಲ, ಮುಖ ಸಿಂಡರಿಸಿದರು. ಗರ್ಭಕೋಶಕ್ಕೆ ಎಲ್ಲರ ಬಾಯಲ್ಲೂ ಪದ ಇದೆ, ಅದರ ಪಕ್ಕದಲ್ಲೇ ಇರುವುದಕ್ಕೆ ಹೆಂಗಸರ ಬಾಯಲ್ಲಿ ಪದವೇ ಇಲ್ಲ ಅಂದರೆ ನಂಬೋಕಾಗಲ್ಲ.

ಆಮೇಲೆ ಡಾಕ್ಟರು ಈಸ್ಟ್ರೋಜನ್ ಮಾತ್ರೆ ಬರೆದುಕೊಟ್ಟರು. 'ಹಾರ್ಮೋನ್ ಬದಲಿ ಚಿಕಿತ್ಸೆ' (ಇಂಗ್ಲಿಷಿನಲ್ಲಿ ಎಚ್‌ಆರ್‌ಟಿ, ಹಾರ್ಮೋನ್ ರಿಪ್ಲೇಸ್‌ಮೆಂಟ್ ಥೆರಪಿ) ಅಂತ ನಾನು ವಿವರಿಸಹೋದೆ. 'ನಂದು ತೆಗೆದು ಬೇರೆಯವರದ್ದು ಹಾಕ್ತಾರಾ?' ಅಂದರು. ಕಿಡ್ನಿ ಬದಲಿ ಕೇಳಿದವರಿಗೆ ಹಾಗೇ ಅನಿಸುತ್ತದೆ ಅಲ್ವಾ? ಇದು ಬದಲಿ ಅಲ್ಲ, ಕೊರತೆ ತುಂಬಿಕೊಡುವುದು. ಇಂಗ್ಲಿಷಿನವರೂ ಈಗೀಗ ಆ 'ರಿಪ್ಲೇಸ್‌ಮೆಂಟ್' ಬಿಟ್ಟು ಸುಮ್ನೆ ಹಾರ್ಮೋನ್ ಥೆರಪಿ ಅನ್ನುತ್ತಿದ್ದಾರೆ. ಆದರೆ 43ಕ್ಕೇ ನಿಂತುಹೋದವರಿಗೆ ತುಂಬಿಕೊಡುವ ಅರ್ಥ ಇರಲೇಬೇಕು. ಇಲ್ಲದಿದ್ದರೆ ಮೂಳೆ ಬೇಗ ಸವೆಯುತ್ತದೆ, ಹೃದಯಕ್ಕೂ ತೊಂದರೆ. ಅದಕ್ಕೇ ಬೇರೆ ಅಡ್ಡಿ ಇಲ್ಲದಿದ್ದರೆ, ತಾನಾಗಿ ನಿಲ್ಲುವ ವಯಸ್ಸು, ಅಂದರೆ 50ರ ಆಸುಪಾಸಿನವರೆಗೆ ಕೊಡುವುದು ರೂಢಿ. ನನಗೆ ಹೊಳೆದಿರುವುದು 'ಹಾರ್ಮೋನ್ ಮರುಪೂರಣ'. ಮೊಬೈಲ್ ರೀಚಾರ್ಜ್ ಥರ ಕೇಳುತ್ತದೆ ಅಂತ ತಮ್ಮ ನಕ್ಕ. ಇರಲಿ.

ಈಸ್ಟ್ರೋಜನ್‌ಗೆ ಮಾತ್ರ ಕನ್ನಡ ಮಾಡಲು ಹೋಗಬೇಡಿ. ಅದರ ಬುಡದ ಗ್ರೀಕ್ ಮಾತಿಗೆ ದನ ಕಚ್ಚುವ ನೊಣ ಅಂತ ಅರ್ಥ, ಅಲ್ಲಿಂದ ಅದು ಬೆದೆಗೆ ಬಂತು. ಕೊಟ್ಟಿಗೆಯ ಮಾತನ್ನು ಚಿಕ್ಕಮ್ಮನ ಎದುರು ಆಡಿ ಊಟ ತಪ್ಪಿಸಿಕೊಳ್ಳುವ ಧೈರ್ಯ ನನಗಿಲ್ಲ. ಪ್ರೊಜೆಸ್ಟೆರಾನ್ ಅಂತ ಇನ್ನೊಂದು ಹಾರ್ಮೋನ್ ಇದೆ, ಅದು ಹಾಗಲ್ಲ. ಬಸಿರು ಹೊರುವುದಕ್ಕಾಗಿ ಇರುವುದು ಅಂತ ಹೆಸರೇ ಹೇಳುತ್ತದೆ. ಗರ್ಭಕೋಶ ಇದ್ದವರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಒಳಪದರ ದಪ್ಪವಾಗಿ ಕ್ಯಾನ್ಸರ್ ಭಯ. ಅದನ್ನು ತಡೆಯಲು ಇದರ ಜಾತಿಯ ಔಷಧ ಜೊತೆಗೆ ಬೇಕು. ಗರ್ಭಕೋಶವೇ ಇಲ್ಲದವರಿಗೆ ಸಾಮಾನ್ಯವಾಗಿ ಬೇಡ.

ಇಲ್ಲೂ ಒಂದೇ ಪದ ಎರಡು ವಿಷಯವನ್ನು ನುಂಗಿದೆ. 'ಎಚ್‌ಆರ್‌ಟಿ ಅಂದ್ರೆ ಸ್ತನ ಕ್ಯಾನ್ಸರ್' ಅಂತ ನಮ್ಮ ಮನೆಯಲ್ಲೇ ಗಲಾಟೆ ಆಯಿತು. ಆ ಭಯ ಜಗತ್ತಿಗೆಲ್ಲ ಹಬ್ಬಿದ್ದು 2002ರಲ್ಲಿ, ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದಿಂದ. ಅವತ್ತು ನಿಲ್ಲಿಸಿದ್ದು ಗರ್ಭಕೋಶ ಇದ್ದು ಎರಡೂ ಔಷಧ ತೆಗೆದುಕೊಳ್ಳುತ್ತಿದ್ದವರ ಭಾಗವನ್ನು. ಗರ್ಭಕೋಶ ತೆಗೆಸಿ ಈಸ್ಟ್ರೋಜನ್ ಮಾತ್ರ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಆ ಭಾಗವನ್ನು 2004ರಲ್ಲಿ ನಿಲ್ಲಿಸಿದ್ದಕ್ಕೆ ಮುಖ್ಯ ಕಾರಣ ಲಕ್ವ ಹೊಡೆಯುವ ಅಪಾಯ ಹೆಚ್ಚಿದ್ದು. ಅವರಲ್ಲಿ ಎಲ್ಲರೂ 50 ದಾಟಿದವರೇ.

ಈಗ ಪ್ರಶ್ನೆ. ನಿಮ್ಮ ಕಡೆ ಅಂಡಾಶಯಕ್ಕೆ ಹೆಂಗಸರು ಏನನ್ನುತ್ತಾರೆ? ಸಾಗರ, ಸೊರಬ, ಕೊಪ್ಪ, ಶೃಂಗೇರಿ ಕಡೆಯ ಹಳೇ ಸೂಲಗಿತ್ತಿಯರನ್ನು ಬಲ್ಲವರು ಕೇಳಿ ನೋಡ್ತೀರಾ? ಪುಸ್ತಕದ ಪದ ಬೇಡ, ಅದು ನನ್ನ ಹತ್ತಿರ ಇದೆ. ಬಾಯಲ್ಲಿ ಓಡಾಡಿದ ಪದ ಬೇಕು.

ಮುಂದಿನ ತಿಂಗಳು ಚಿಕ್ಕಮ್ಮ ಮತ್ತೆ ಶಿವಮೊಗ್ಗಕ್ಕೆ ಹೋಗಬೇಕು. ಚೀಟಿಯ ಹಿಂದೆ ಅವರಿಗೆ ಓದೋಕಾಗುವ ಹಾಗೆ 'ಗರ್ಭಕೋಶ, ಎರಡು' ಅಂತ ಬರೆದು ಮುಂದೆ ಜಾಗ ಬಿಟ್ಟಿದ್ದೇನೆ.