ಅಮ್ಮನ ಕಣ್ಣಿಗೆ "ಇನ್ನೇನೂ ಮಾಡೋಕಾಗಲ್ಲ" ಅಂದಿದ್ದಾರೆ. ಮುಂದೇನು?

ಮಲೆನಾಡ ಮಗಳು:
ಅಮ್ಮನಿಗೆ 71. ಎರಡೂ ಕಣ್ಣಿನ ಮ್ಯಾಕ್ಯುಲಾ (ಕಣ್ಣಿನ ಹಿಂಪರದೆಯ ನಡುಭಾಗ) ಸವೆದಿದೆ, ಒಣ ತರಹದ್ದು ಅಂದರು. ಕನ್ನಡಕ ಹಾಕಿಯೂ ನೋಟ 6/60 ಅಷ್ಟೇ. ಹೋದ ತಿಂಗಳು ಡಾಕ್ಟರು "ಇನ್ನೇನೂ ಮಾಡೋಕಾಗಲ್ಲ" ಎಂದು ಎರಡೇ ನಿಮಿಷದಲ್ಲಿ ಕಳಿಸಿಬಿಟ್ಟರು. ಎದುರಿಗೆ ನಿಂತರೆ ನನ್ನ ಮುಖ ಗೊತ್ತಾಗುವುದಿಲ್ಲ, ಆದರೆ ನೆಲದ ಮೇಲೆ ಬಿದ್ದ ಡಬ್ಬಿ ಮುಚ್ಚಳ ಮಾತ್ರ ಕಂಡು ಎತ್ತಿಡುತ್ತಾರೆ. ಅದಕ್ಕೆ ಮನೆಯಲ್ಲಿ ಕೆಲವರು ನಾಟಕ ಅನ್ನುತ್ತಾರೆ. ಕೇಳಿದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ. ಸಂಜೆ ಹೊತ್ತು ಅಂಗಳದಲ್ಲಿ ಲಂಗ ತೊಟ್ಟ ಪುಟ್ಟ ಮಕ್ಕಳು ನಿಂತ ಹಾಗೆ ಕಾಣುತ್ತಂತೆ. ಯಾರೂ ಇಲ್ಲ ಅಂತ ಅವರಿಗೂ ಗೊತ್ತು. ಚಿಕ್ಕಮ್ಮ ಗಾಳಿ ಸೋಕಿದೆ, ತಾಯತ ಕಟ್ಟಿಸು ಅನ್ನುತ್ತಿದ್ದಾರೆ. ನನಗೆ ಬುದ್ಧಿ ಭ್ರಮೆಯೇನೋ ಎಂಬ ಭಯ.

ಕಣ್ಣಳತೆ:
ನಾನು ಲೋ ವಿಷನ್ (ಕನ್ನಡಕದಿಂದಲೂ ಸರಿಹೋಗದ ಮಂದದೃಷ್ಟಿ) ವಿಭಾಗದಲ್ಲಿ ಆಪ್ಟೊಮೆಟ್ರಿಸ್ಟ್, ಅಂದರೆ ದೃಷ್ಟಿ ಪರೀಕ್ಷಿಸುವವಳು. ಮೊದಲು ಮಕ್ಕಳ ವಿಷಯ ಹೇಳುತ್ತೇನೆ, ಯಾಕಂದರೆ ಅಮ್ಮ ಒಳಗೊಳಗೇ ತುಂಬಾ ಹೆದರಿರುತ್ತಾರೆ. ಇದಕ್ಕೆ ಚಾರ್ಲ್ಸ್ ಬಾನೆ ಸಿಂಡ್ರೋಮ್ ಅನ್ನುತ್ತಾರೆ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಬಾನೆ ತನ್ನ ಅಜ್ಜನಿಗೆ ಹೀಗೆ ಕಾಣುತ್ತಿದ್ದುದನ್ನು 1760ರಲ್ಲೇ ಬರೆದಿಟ್ಟಿದ್ದ. ಕಣ್ಣಿನಿಂದ ಸುದ್ದಿ ಬರುವುದು ಕಡಿಮೆಯಾದಾಗ ಮಿದುಳು ತಾನೇ ಚಿತ್ರ ತುಂಬಿಕೊಳ್ಳುತ್ತದೆ. ಗಾಳಿಯೂ ಅಲ್ಲ, ಹುಚ್ಚೂ ಅಲ್ಲ. ದೀಪ ಹಾಕಿದರೆ, ಕಣ್ಣು ಅತ್ತಿತ್ತ ಹೊರಳಿಸಿದರೆ ಎಷ್ಟೋ ಸಲ ಹೋಗುತ್ತದೆ. ಆದರೆ ದನಿಯೂ ಕೇಳಿಸಿದರೆ, ಅವರು ನಿಜ ಎಂದೇ ನಂಬಿದರೆ ಡಾಕ್ಟರಿಗೆ ಹೇಳಿ.

ಈಗ ಆ "ನಾಟಕ". ಮ್ಯಾಕ್ಯುಲಾ ಕೊಡುವುದು ನೋಟದ ನಡುಭಾಗ. ಅದು ಹೋದರೆ ನೇರ ನೋಡಿದ್ದು ಮಸುಕು, ಅಂಚಿನದ್ದು ಕಾಣುತ್ತದೆ. ಮುಖ ಮಾಯ, ಮುಚ್ಚಳ ಹಾಜರು! ಮನೆಯವರಿಗೆ ಎರಡೂ ಮುಷ್ಟಿ ಕಣ್ಣ ಮುಂದೆ ಸ್ವಲ್ಪ ದೂರ ಹಿಡಿದು ನಿಮ್ಮನ್ನು ನೋಡಲು ಹೇಳಿ, ಆಗ ಗೊತ್ತಾಗುತ್ತದೆ. 6/60 ಅಂದರೆ ಬೇರೆಯವರು 60 ಮೀಟರ್‌ನಿಂದ ಓದುವುದನ್ನು ಅಮ್ಮ 6 ಮೀಟರ್‌ಗೆ ಹೋಗಿ ಓದಬೇಕು. ಕುರುಡಲ್ಲ, ಉಳಿದ ನೋಟ ಇದೆ. ಸ್ವಲ್ಪ ಪಕ್ಕಕ್ಕೆ ನೋಡಿ ವಸ್ತುವನ್ನು ಅಂಚಿನಿಂದ ಹಿಡಿಯುವುದನ್ನು ಅಭ್ಯಾಸ ಮಾಡಿಸುತ್ತೇವೆ. ವಾರಗಟ್ಟಲೆ ಬೇಕು, ಆದರೆ ಬರುತ್ತದೆ.

ಭೂತಗನ್ನಡಿಯನ್ನು ಸುಮ್ನೆ ಅಂಗಡಿಯಲ್ಲಿ ಕೊಳ್ಳಬೇಡಿ. ಗಾಜು ಬಲವಾದಷ್ಟೂ ಪುಟಕ್ಕೆ ಹತ್ತಿರ ಹಿಡಿಯಬೇಕು, 10 ಡಯಾಪ್ಟರ್ (ಗಾಜಿನ ಬಲದ ಅಳತೆ) ಇದ್ದರೆ 10 ಸೆಂಟಿಮೀಟರ್. ಒಮ್ಮೆಗೆ ಕಾಣುವ ಅಕ್ಷರವೂ ಕಡಿಮೆ. ಕೈ ನಡುಗಿದರೆ ಸ್ಟ್ಯಾಂಡ್ ಇರುವುದೇ ಬೇಕು. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಾಸ್ಪತ್ರೆ, ಚೆನ್ನೈನ ಶಂಕರ ನೇತ್ರಾಲಯದಂಥ ಕಡೆ ಇದಕ್ಕೇ ಬೇರೆ ವಿಭಾಗ ಇದೆ. ಹತ್ತಿರದ ದೊಡ್ಡ ಕಣ್ಣಾಸ್ಪತ್ರೆಯಲ್ಲೂ "ಲೋ ವಿಷನ್ ಕ್ಲಿನಿಕ್" ಅಂತಲೇ ಕೇಳಿ. ಅಮ್ಮ ಏನು ಮಾಡಬೇಕು ಅನ್ನುತ್ತಾರೋ ಆ ಸಾಮಾನನ್ನೇ ತೆಗೆದುಕೊಂಡು ಹೋಗಿ. ಮತ್ತೆ, ನೇರ ಗೆರೆಗಳು ಇದ್ದಕ್ಕಿದ್ದಂತೆ ಸೊಟ್ಟ ಕಂಡರೆ ಅಂದೇ ಆಸ್ಪತ್ರೆಗೆ ಓಡಿ.

ಇರುಳುಗಣ್ಣ:
ನನಗೆ ರೆಟಿನೈಟಿಸ್ ಪಿಗ್ಮೆಂಟೋಸಾ, ಕಣ್ಣಿನ ಹಿಂಪರದೆ ಅಂಚಿನಿಂದ ಸವೆಯುವ ಕಾಯಿಲೆ. ನಿಮ್ಮಮ್ಮನದಕ್ಕೆ ಉಲ್ಟಾ, ನಡುವೆ ಮಾತ್ರ ಕಾಣುತ್ತದೆ. ಬಿಳಿ ಕೋಲು ಹಿಡಿಯಲು ನಾಲ್ಕು ವರ್ಷ ನಾಚಿದೆ, ಅಷ್ಟರಲ್ಲಿ ಎರಡು ಸಲ ಚರಂಡಿಗೆ ಬಿದ್ದು ಮೊಣಕಾಲು ಒಡೆದುಕೊಂಡೆ. ನೀವು ತಡ ಮಾಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಲೋ ವಿಷನ್‌ಗೂ ಜಾಗ ಇದೆ, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಅರ್ಜಿ ಹಾಕಿ. 500ರ ನೋಟಿನ ಎರಡೂ ಅಂಚಲ್ಲಿ ಐದು ಉಬ್ಬು ಗೆರೆ, 100ಕ್ಕೆ ನಾಲ್ಕು, ಬೆರಳಿಗೆ ಕಲಿಸಿ. ಹಳೇ ನೋಟಲ್ಲಿ ಸವೆದಿದ್ದರೆ ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್ ಎಷ್ಟರ ನೋಟೆಂದು ಹೇಳುತ್ತದೆ, ಇಂಟರ್ನೆಟ್ ಬೇಡ.

ಅಡುಗೆಮನೆ ಕಿಟಕಿ:
ನಮ್ಮ ಅತ್ತೆಗೂ ಇದೇ. ಬಿಳಿ ತಟ್ಟೆಗೆ ಅನ್ನ ಹಾಕಬೇಡಿ, ಕಡುಬಣ್ಣದ ತಟ್ಟೆ ಕೊಡಿ. ಮುದ್ದೆಗೆ ಬಿಳಿಯದೇ ಸರಿ. ಮೆಟ್ಟಿಲ ಅಂಚಿಗೆ ಹಳದಿ ಟೇಪು. ದೀಪ ಭುಜದ ಹಿಂದಿನಿಂದ ಬೀಳಲಿ, ಕಣ್ಣಿಗೆ ಹೊಡೆಯಬಾರದು. ಟಿವಿ ಹತ್ತಿರ ಕೂತರೆ ಬೈಯಬೇಡಿ, ಅದರಿಂದ ಕಣ್ಣು ಹಾಳಾಗುವುದಿಲ್ಲ.

ಮಲೆನಾಡ ಮಗಳು:
ಎಲ್ಲರಿಗೂ ಕೈ ಮುಗಿಯುತ್ತೇನೆ. ಮಕ್ಕಳ ವಿಷಯ ಓದಿ ಹೇಳಿದೆ. ಅಮ್ಮ ತುಂಬಾ ಹೊತ್ತು ಸುಮ್ಮನಿದ್ದು "ಹಾಗಾದ್ರೆ ನನ್ನ ತಲೆ ಸರಿಯಿದೆ ಅಲ್ವಾ" ಅಂದರು. ಕ್ಲಿನಿಕ್ಕಿಗೆ ಏನು ಒಯ್ಯೋಣ ಅಂದರೆ ಪೇಪರ್ ಅನ್ನುತ್ತಾರೆ ಅಂದುಕೊಂಡಿದ್ದೆ, ಹೂವಿನ ಬುಟ್ಟಿ ಅಂದರು. ತಟ್ಟೆ ವಿಷಯ ನೆನಪಾಗಿ ಅವರ ಮಡಿಲಿಗೆ ನನ್ನ ಕಪ್ಪು ದುಪಟ್ಟಾ ಹಾಸಿ ಮಲ್ಲಿಗೆ ಮೊಗ್ಗು ಸುರಿದೆ. ತಲೆ ಸ್ವಲ್ಪ ಓರೆ ಮಾಡಿಕೊಂಡು ಒಂದೊಂದಾಗಿ ಆರಿಸುತ್ತಾ ಒಂದು ಮೊಳ ಕಟ್ಟಿದ್ದಾರೆ. ಗುರುವಾರ ಅಪಾಯಿಂಟ್‌ಮೆಂಟ್.